ನಾಲ್ಕು ರೂಮು, ಒಂದು ಪ್ರಮಾಣವಚನ

ರಾಷ್ಟ್ರೀಯ ನಾಯಕ ಎಂದರೆ ಯಾರು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರ ಸಿದ್ಧವಿದೆ. ಸ್ವಂತ ಕ್ಷೇತ್ರದಲ್ಲಿ ಗೆಲ್ಲುವುದು ಕಷ್ಟ ಎಂದಾದ ಮೇಲೆ ಪಕ್ಷ ಯಾರನ್ನು ದೆಹಲಿಯಲ್ಲಿ ಇಟ್ಟುಕೊಳ್ಳುತ್ತದೋ ಅವರೇ ರಾಷ್ಟ್ರೀಯ ನಾಯಕರು. ಇದನ್ನು ನಾನು ಮೊದಲು ಹೇಳಿದ್ದು ಅಂಥ ಒಬ್ಬ ನಾಯಕರ ಎದುರಿಗೇ, ಪತ್ರಿಕಾಗೋಷ್ಠಿ ಮುಗಿದು ಎಲ್ಲರೂ ಸಮೋಸಾ ತಟ್ಟೆಗೆ ಮುಗಿಬಿದ್ದಿದ್ದಾಗ. ಅವರು ನಕ್ಕರು. ಬಿಳಿ ಜುಬ್ಬಾದ ಮೇಲೆ ಚಹಾ ಚೆಲ್ಲಿಕೊಳ್ಳುವಷ್ಟು ನಕ್ಕರು. ತನ್ನನ್ನೇ ಗೇಲಿ ಮಾಡಿದಾಗ ನಗುವ ರಾಜಕಾರಣಿಯನ್ನು ಅದುವರೆಗೆ ನಾನು ಕಂಡಿರಲಿಲ್ಲ. ಮುಂದೆ ನಡೆದದ್ದಕ್ಕೆಲ್ಲ ಆ ನಗುವೇ ಕಾರಣ.

ನಾನು ಕನ್ನಡ ಪತ್ರಿಕೆಯೊಂದರ ದೆಹಲಿ ವರದಿಗಾರ್ತಿ. ಅವರು ನಮ್ಮ ರಾಜ್ಯದವರೇ, ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ನಾವು ಮದುವೆಯಾಗಲಿಲ್ಲ. ಮದುವೆಯಾದರೆ ಅವರ ಪಕ್ಷದವರನ್ನೆಲ್ಲ ಊಟಕ್ಕೆ ಕರೆಯಬೇಕಾಗುತ್ತದೆ ಎಂಬುದು ನನ್ನ ಭಯ. ಪತ್ರಕರ್ತರನ್ನೆಲ್ಲ ಕರೆಯಬೇಕಾಗುತ್ತದೆ ಎಂಬುದು ಅವರ ಭಯ. ಅವರದಂತೂ ನ್ಯಾಯವಾದ ಭಯವೇ. ಪತ್ರಕರ್ತರು ಉಣ್ಣುವುದನ್ನು ನೋಡಿದವರಿಗೆ ಅದು ಗೊತ್ತು.

ನಮ್ಮ ನಡುವೆ ಇದ್ದದ್ದು ಒಂದೇ ಕರಾರು. ಮನೆಯೊಳಗೆ ಅವರು ಪಕ್ಷದ ವಿಷಯ ಹೇಳಬಾರದು, ನಾನು ಕೇಳಬಾರದು. ಹೊರಗೆ ನನಗೆ ಏನಾದರೂ ತಿಳಿದರೆ ನಾನು ಹೇಳಬಾರದು, ಅವರು ಕೇಳಬಾರದು. ಇಲ್ಲದಿದ್ದರೆ ನಾನು ಬರೆದದ್ದೆಲ್ಲ ಅವರು ಬರೆಸಿದ್ದು ಎಂದಾಗುತ್ತಿತ್ತು, ಪಕ್ಷದಿಂದ ಸೋರಿದ್ದೆಲ್ಲ ಅವರಿಂದಲೇ ಸೋರಿದ್ದು ಎಂದಾಗುತ್ತಿತ್ತು. ಇದರ ಮೇಲೆ ನನ್ನ ಸಂಪಾದಕರದೂ ಒಂದು ಷರತ್ತು ಬಂತು: ಅವರ ಪಕ್ಷದ ಬಗ್ಗೆ ನಾನು ಒಂದು ಸಾಲೂ ಬರೆಯುವಂತಿಲ್ಲ. ಹೀಗಾಗಿ ನನ್ನ ಪಾಲಿಗೆ ಉಳಿದದ್ದು ಈರುಳ್ಳಿ ಬೆಲೆ, ರಾಯಭಾರ ಕಚೇರಿಗಳ ರಾಷ್ಟ್ರೀಯ ದಿನಾಚರಣೆ ಮತ್ತು ಚಳಿಗಾಲದ ಹೊಗೆ. ದೆಹಲಿಯ ಹೊಗೆಯ ಬಗ್ಗೆ ಕನ್ನಡದಲ್ಲಿ ನನ್ನಷ್ಟು ಬರೆದವರು ಬೇರೆ ಯಾರೂ ಇರಲಾರರು ಎಂಬ ಹೆಮ್ಮೆ ಈಗಲೂ ಇದೆ.

ಕರಾರನ್ನು ನಾವು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದೆವೆಂದರೆ, ಒಮ್ಮೆ ಅವರ ಪಕ್ಷ ಎರಡು ಹೋಳಾದ ದಿನ ನಾವಿಬ್ಬರೂ ಎದುರುಬದುರು ಕುಳಿತು ಹುರುಳಿಕಾಳಿನ ಸಾರು ಉಂಡು, ಗ್ಯಾಸಿನ ಪೈಪು ಬದಲಾಯಿಸಬೇಕೋ ಬೇಡವೋ ಎಂದು ಬಹಳ ಹೊತ್ತು ಚರ್ಚಿಸಿದೆವು. ಯಾರು ಯಾವ ಬಣಕ್ಕೆ ಹೋದರು ಎಂಬುದು ಅವರಿಗೆ ಬೆಳಿಗ್ಗೆಯೇ ಗೊತ್ತಿತ್ತು. ನನಗೆ ಮಧ್ಯಾಹ್ನ ಗೊತ್ತಾಗಿತ್ತು. ಇಬ್ಬರಿಗೂ ಹೊಟ್ಟೆ ಉಬ್ಬರಿಸುವಷ್ಟು ಮಾತಿತ್ತು. ಪೈಪನ್ನು ಬದಲಾಯಿಸುವುದು ಎಂದು ತೀರ್ಮಾನವಾಯಿತು.

ಅವರ ಮೇಲ್ಮನೆ ಸದಸ್ಯತ್ವದ ಅವಧಿ ಮುಗಿದು ಸರಕಾರಿ ಬಂಗಲೆ ಹೋದಾಗ ಅವರು ಪೀತಮ್‌ಪುರದ ನನ್ನ ಫ್ಲಾಟಿಗೆ ಬಂದರು. ಎರಡನೆಯ ಮಹಡಿ, ಲಿಫ್ಟ್ ಇಲ್ಲ. ಜೊತೆಗೆ ಸನ್ಮಾನದ ಶಾಲುಗಳು, ಮೈಸೂರು ಪೇಟಗಳು, ಗಂಧದ ಹಾರಗಳು ತುಂಬಿದ ಟ್ರಂಕುಗಳೂ ಬಂದವು. ನಲವತ್ತು ಶಾಲು ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಕೇಳಿದೆ. ಜನ ಹೊದಿಸಿದ್ದನ್ನು ಬಿಸಾಡಲಾಗುತ್ತದೆಯೇ ಎಂದರು. ಆ ಚಳಿಗಾಲ ನಮ್ಮ ಮನೆಯ ಸೋಫಾ, ಮಂಚ, ಇಸ್ತ್ರಿ ಮೇಜು ಎಲ್ಲಕ್ಕೂ ಸನ್ಮಾನವಾಯಿತು.

ಮೊದಮೊದಲು ಗಲ್ಲಿಯಲ್ಲಿ ಕಾರುಗಳು ನಿಲ್ಲುತ್ತಿದ್ದವು. ನಮ್ಮ ಕಾಲೊನಿಯ ಸಂಘದ ಕಾರ್ಯದರ್ಶಿ ಪಾರ್ಕಿಂಗ್ ವಿಷಯಕ್ಕೆ ದಿನವೂ ಮೇಲೆ ಹತ್ತಿ ಬಂದು ಜಗಳವಾಡುತ್ತಿದ್ದ. ಕ್ರಮೇಣ ಕಾರುಗಳು ಕಡಿಮೆಯಾದವು, ಆಮೇಲೆ ನಿಂತೇಹೋದವು. ಕಾರ್ಯದರ್ಶಿಗೆ ಜಗಳವಾಡಲು ಕಾರಣವಿಲ್ಲದಂತಾಯಿತು. ಆದರೆ ನಮ್ಮ ನಾಯಕರು ಫೋನನ್ನು ಸ್ನಾನದ ಮನೆಗೂ ತೆಗೆದುಕೊಂಡು ಹೋಗುವುದನ್ನು ಬಿಡಲಿಲ್ಲ. ಇನ್ನೊಂದು ಸಲ, ಒಂದೇ ಒಂದು ಸಲ, ಪಕ್ಷ ತಮ್ಮನ್ನು ಮೇಲ್ಮನೆಗೆ ಕಳಿಸಬೇಕು ಎಂಬ ಆಸೆ ಅವರಿಗಿತ್ತು. ಅಧಿಕಾರಕ್ಕಲ್ಲ, ಅಷ್ಟನ್ನು ನಾನು ಬಲ್ಲೆ. ಯಾರೂ ಕರೆಯದೆ, ಯಾರೂ ಕಳಿಸಿಕೊಡದೆ, ಹಾಗೇ ಮುಗಿದುಹೋಗುವುದನ್ನು ಅವರಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಹೊರಗೆ ಸಿಕ್ಕವರನ್ನೆಲ್ಲ ಅವರು ಕೇಳುತ್ತಿದ್ದರೆಂದು ನನಗೆ ಗೊತ್ತಿತ್ತು. ನನ್ನನ್ನು ಮಾತ್ರ ಕೇಳುವಂತಿರಲಿಲ್ಲವಲ್ಲ.

ಹೀಗಿರುವಾಗ ನನ್ನ ಅಕ್ಕನಿಗೆ ಕಾಶಿಗೆ ಹೋಗಬೇಕೆನಿಸಿತು. ಒಬ್ಬಳೇ ಹೋಗುವ ಜಾತಿಯಲ್ಲ ಅವಳು. ತುಮಕೂರಿನ ತನ್ನ ಬೀದಿಯ ಅರ್ಧ ಹೆಂಗಸರನ್ನೂ ಅವರ ಮಾತಿಗೆ ಬಗ್ಗುವ ಕೆಲವು ಗಂಡಂದಿರನ್ನೂ ಹೊರಡಿಸಿದಳು. ದಾರಿಯಲ್ಲಿ ದೆಹಲಿ ನೋಡಿಕೊಂಡು ಹೋಗುವುದು, ಇಳಿದುಕೊಳ್ಳುವ ಏರ್ಪಾಡು ನನ್ನದು. ಅಷ್ಟು ಜನರನ್ನು ನನ್ನ ಫ್ಲಾಟಿನಲ್ಲಿ ಇಟ್ಟುಕೊಂಡರೆ ಶಾಲು ಸಾಕಾಗಬಹುದು, ಜಾಗ ಸಾಲದು. ಚಾಣಕ್ಯಪುರಿಯಲ್ಲಿರುವ ನಮ್ಮ ರಾಜ್ಯದ ಅತಿಥಿಗೃಹಕ್ಕೆ ಫೋನು ಮಾಡಿ ನಾಲ್ಕು ರೂಮು ಹೇಳಿದೆ. ಯಾರ ಕಡೆಯವರು ಎಂದು ಅಲ್ಲಿಯ ಸ್ವಾಗತದ ಮೇಜಿನವರು ಕೇಳಿದರು. ನಮ್ಮ ಮನೆ ಕಡೆಯವರು ಎಂದೆ. ಆ ನನ್ನ ಉತ್ತರದಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಮೂರು ದಿನದ ಮೇಲೆ ಬೆಳಿಗ್ಗೆ ಎದುರಾಳಿ ಪತ್ರಿಕೆಯೊಂದರ ಮುಖಪುಟ ಫೋನಿನಲ್ಲಿ ಬಂತು. ಅವರಿಗೆ ಮತ್ತೆ ಮೇಲ್ಮನೆ ಸ್ಥಾನ ಖಚಿತ ಎಂದು ಅದರಲ್ಲಿತ್ತು. 'ಆಪ್ತ ಮೂಲಗಳು ತಿಳಿಸಿವೆ' ಎಂಬ ನಮ್ಮ ಕಸುಬಿನ ಮಾಮೂಲಿ ಸಾಲೂ ಇತ್ತು. ಬರೆದವರು ನನಗಿಂತ ಹಿರಿಯ ವರದಿಗಾರರು, ನನ್ನ ಹಳೆಯ ಸ್ನೇಹಿತರು, ಸುಳ್ಳು ಬರೆಯುವವರಲ್ಲ. ತಲೆ ಎತ್ತಿ ನೋಡಿದರೆ ಊಟದ ಮೇಜಿನ ಆಚೆ ಅವರೂ ತಮ್ಮ ಫೋನಿನಲ್ಲಿ ಅದನ್ನೇ ಓದುತ್ತಿದ್ದರು. ಇಬ್ಬರೂ ಓದಿದೆವು. ಕರಾರಿನ ಪ್ರಕಾರ ಇಬ್ಬರೂ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಗಿದೆ ಎಂಬ ವಿಷಯ ಮಾತಾಡಿದೆವು. ಆಮೇಲೆ ಅವರು ಎದ್ದು ಸ್ನಾನಕ್ಕೆ ಹೋದರು, ಫೋನನ್ನು ಮೇಜಿನ ಮೇಲೆಯೇ ಬಿಟ್ಟು.

ಅದನ್ನು ನೋಡಿ ನನಗೆ ಖಾತ್ರಿಯಾಯಿತು. ವರಿಷ್ಠರಿಂದ ಇವರಿಗೆ ಕರೆ ಬಂದಾಗಿದೆ, ಕರಾರಿಗೆ ಕಟ್ಟುಬಿದ್ದು ನನಗೆ ಹೇಳುತ್ತಿಲ್ಲ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಸ್ನಾನದ ಮನೆಯಿಂದ ಅವರ ದನಿ ಕೇಳಿಸಿತು. ಪ್ರಮಾಣವಚನ ಅಭ್ಯಾಸ ನಡೆದಿತ್ತು. ಒಮ್ಮೆ ಕನ್ನಡದಲ್ಲಿ, ಒಮ್ಮೆ ಹಿಂದಿಯಲ್ಲಿ, ನಡುನಡುವೆ ತಂಬಿಗೆಯ ಸದ್ದು. ಸಂವಿಧಾನಕ್ಕೆ ಶ್ರದ್ಧೆ, ನಿಷ್ಠೆ ಎಂದು ಬಕೆಟ್ಟಿನ ಎದುರು ಹೇಳಿಕೊಳ್ಳುವ ಮನುಷ್ಯನಿಗೆ ಖಚಿತ ಮಾಹಿತಿ ಇಲ್ಲದಿರಲು ಸಾಧ್ಯವೇ? ನಾನು ಬಾಗಿಲ ಹೊರಗೆ ನಿಂತು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೆ. ಸಂತೋಷವಾಗಿತ್ತು.

ಬೆಂಗಳೂರಿನಿಂದ ನನ್ನ ಸಂಪಾದಕರು ಫೋನು ಮಾಡಿ, ನಮ್ಮದೇ ವರದಿಗಾರ್ತಿಯ ಮನೆಯ ಸುದ್ದಿಯನ್ನು ಬೇರೆ ಪತ್ರಿಕೆಯಲ್ಲಿ ಓದುವ ಗತಿ ತಮಗೆ ಬಂತಲ್ಲ ಎಂದು ಹರಿಹಾಯ್ದರು. ಆ ಪಕ್ಷದ ಬಗ್ಗೆ ಒಂದು ಸಾಲೂ ಬರೆಯಬಾರದೆಂದು ತಾಕೀತು ಮಾಡಿದವರು ನೀವೇ ಎಂದು ನೆನಪಿಸಿದೆ. ಬರೆಯಬೇಡಿ ಅಂದಿದ್ದೆ, ತಿಳಿದುಕೊಳ್ಳಬೇಡಿ ಅಂದಿರಲಿಲ್ಲ ಎಂದರು. ಸಂಪಾದಕರೊಂದಿಗೆ ವಾದ ಮಾಡಿ ಗೆದ್ದವರನ್ನು ನಾನು ಇನ್ನೂ ಭೇಟಿಯಾಗಿಲ್ಲ.

ಗಲ್ಲಿಗೆ ಕಾರುಗಳು ಮರಳಿದವು. ಮಿಠಾಯಿ ಡಬ್ಬಿ, ಚೆಂಡುಹೂವಿನ ಹಾರ, ಮತ್ತಷ್ಟು ಶಾಲು. ಸಂಘದ ಕಾರ್ಯದರ್ಶಿ ತಾನೇ ಎರಡು ಹೂಕುಂಡ ಇಟ್ಟು ನೇತಾಜಿಯ ಅತಿಥಿಗಳಿಗೆಂದು ಜಾಗ ಕಾದಿರಿಸಿದ. ಇಷ್ಟು ವರ್ಷ ಒಂದು ಎಸಳು ಕೊತ್ತಂಬರಿಯನ್ನೂ ಪುಕ್ಕಟೆ ಕೊಡದಿದ್ದ ತರಕಾರಿ ಭಯ್ಯಾ ಕಂತೆಗಟ್ಟಲೆ ಚೀಲಕ್ಕೆ ತುರುಕಿದ. ಅವರು ಬಂದವರ ಎದುರು ಏನನ್ನೂ ಒಪ್ಪದೆ, ಏನನ್ನೂ ಅಲ್ಲಗಳೆಯದೆ, ಎಲ್ಲ ವರಿಷ್ಠರ ಇಚ್ಛೆ ಎಂದು ಕೈ ಮುಗಿದು ಕೂರುತ್ತಿದ್ದರು. ಮುಖ ಮಾತ್ರ ಹೊಸ ಬಲ್ಬಿನ ಹಾಗಿತ್ತು. ಕತ್ತಿನವರೆಗೆ ಮುಚ್ಚುವ ಹಳೆಯ ಬಂದ್‌ಗಲಾ ಕೋಟು ಟ್ರಂಕಿನಿಂದ ಹೊರಗೆ ಬಂತು. ಹೊಟ್ಟೆಯ ಹತ್ತಿರ ಗುಂಡಿ ಹಾಕಲು ಬರಲಿಲ್ಲ. ಮಾರುಕಟ್ಟೆಯ ದರ್ಜಿಯನ್ನು ಮನೆಗೇ ಕರೆಸಿ ಹೊಲಿಗೆ ಬಿಡಿಸಲು ಹೇಳಿದರು.

ದರ್ಜಿ ಅಳತೆ ತೆಗೆಯುತ್ತಿದ್ದಾಗಲೇ ಅಕ್ಕನ ಫೋನು ಬಂತು. ಬೀದಿಯ ಇನ್ನೂ ಒಂದು ಸಂಸಾರ ಕಾಶಿಗೆ ಸೇರಿಕೊಂಡಿದೆ, ಇನ್ನೊಂದು ರೂಮು ಬೇಕಂತೆ. ಅವರ ಎದುರಿಗೇ ನಾನು ಗಟ್ಟಿಯಾಗಿ, ಆಯಿತು, ಅತಿಥಿಗೃಹದಲ್ಲಿ ಇನ್ನೊಂದು ರೂಮು ಹಿಡಿಯುತ್ತೇನೆ, ಎಲ್ಲರೂ ಬನ್ನಿ ಎಂದೆ. ಕಾಶಿಯ ಹೆಸರು ಎತ್ತಲಿಲ್ಲ, ಯಾತ್ರೆಯ ವಿಷಯ ಅವರಿಗೆ ಮೊದಲೂ ಹೇಳಿರಲಿಲ್ಲ. ಅವರು ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬು ಹಾರಿಸಿದರು. ಆ ಹುಬ್ಬಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ಮಾರನೆಯ ದಿನ, ಐದನೆಯ ರೂಮಿಗಾಗಿ ಅತಿಥಿಗೃಹಕ್ಕೆ ನಾನೇ ಹೋದಾಗ. ಸ್ವಾಗತದ ಮೇಜಿನವರು ಎದ್ದು ನಿಂತು ನಮಸ್ಕರಿಸಿ, ಪ್ರಮಾಣವಚನ ಬೆಳಿಗ್ಗೆಯೋ ಮಧ್ಯಾಹ್ನವೋ, ನಿಮ್ಮವರಿಗೆ ತಿಂಡಿ ಬೇಗ ಮಾಡಿಸಬೇಕೇ ಎಂದು ವಿಚಾರಿಸಿದರು. ಐದನೆಯ ರೂಮನ್ನು ಮರೆತು ನಾನು ಅಲ್ಲೇ ಇದ್ದ ಕ್ಯಾಂಟೀನಿಗೆ ನಡೆದೆ.

ದೆಹಲಿಯಲ್ಲಿ ಸುದ್ದಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಲಕ್ಷಣ ನೋಡಿ ನಾವೇ ಊಹಿಸಬೇಕು. ಯಾರ ಕಾರು ಯಾರ ಗೇಟಿನ ಮುಂದಿದೆ, ಯಾರು ಯಾರ ಮಗಳ ಮದುವೆಗೆ ಹೋಗಲಿಲ್ಲ, ಯಾವ ನಾಯಕರು ಇದ್ದಕ್ಕಿದ್ದಂತೆ ಹಲ್ಲು ಸ್ವಚ್ಛ ಮಾಡಿಸಿಕೊಂಡರು. ನಮ್ಮ ರಾಜ್ಯದ ವರದಿಗಾರರಿಗೆ ಇವೆಲ್ಲಕ್ಕಿಂತ ಖಚಿತವಾದ ಲಕ್ಷಣ ಅತಿಥಿಗೃಹದ ರೂಮು. ಯಾರಿಗೆ ಸ್ಥಾನ ಸಿಗುತ್ತದೋ ಅವರ ಬಳಗ ಪ್ರಮಾಣವಚನ ನೋಡಲು ಊರಿನಿಂದ ಬರುತ್ತದೆ, ಬಳಗಕ್ಕೆ ರೂಮು ಬೇಕು, ರೂಮನ್ನು ಪಟ್ಟಿ ಹೊರಬೀಳುವ ಮೊದಲೇ ಹಿಡಿದಿಡಬೇಕು. ಈ ಲಕ್ಷಣವನ್ನೇ ನಂಬಿ ನಾನೂ ಹಿಂದೆ ಕೆಲವು ಹೆಸರುಗಳನ್ನು ಎಲ್ಲರಿಗಿಂತ ಮೊದಲು ಬರೆದು ಭೇಷ್ ಅನ್ನಿಸಿಕೊಂಡವಳು. ಮೇಲ್ಮನೆಯ ಪಟ್ಟಿ ತಯಾರಾಗುತ್ತಿದ್ದ ವಾರದಲ್ಲೇ ನಾನು ನಾಲ್ಕು ರೂಮು ಹಿಡಿದಿದ್ದೆ, ಮನೆ ಕಡೆಯವರಿಗೆ ಎಂದು ಬೇರೆ ಹೇಳಿದ್ದೆ. ಕಾಶಿಗೆ ಹೊರಟ ಅಕ್ಕ ಸುದ್ದಿಯಾಗಬಲ್ಲಳು ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಆ ಸುದ್ದಿ ಬರೆದ ಹಿರಿಯ ಸ್ನೇಹಿತರು ಕ್ಯಾಂಟೀನಿನಲ್ಲಿ ತಮ್ಮ ಮಾಮೂಲಿ ಜಾಗದಲ್ಲಿ ಮಸಾಲೆ ದೋಸೆ ಮುರಿಯುತ್ತಿದ್ದರು. ಎದುರಿಗೆ ಕುಳಿತು, ನಿಮ್ಮ ಆಪ್ತ ಮೂಲ ಯಾರು ಎಂದು ಕೇಳಿದೆ. ಅವರು ಚಟ್ನಿಯ ಬಟ್ಟಲನ್ನು ನನ್ನ ಕಡೆ ತಳ್ಳಿದರು.

"ಏನಮ್ಮಾ, ನನ್ನೇ ಪರೀಕ್ಷೆ ಮಾಡ್ತೀಯಾ? ನೀನೇ ತಾನೇ ಮೂಲ. ನಿನಗಿಂತ ಆಪ್ತರು ಅವರಿಗೆ ಇನ್ಯಾರಿದ್ದಾರೆ ಹೇಳು."

ಕಾಶಿಯ ಕತೆ ಹೇಳಿದೆ. ಅವರ ಕೈಯಲ್ಲಿದ್ದ ದೋಸೆ ಅರ್ಧಕ್ಕೆ ನಿಂತಿತು. ಆಮೇಲೆ ಇಬ್ಬರೂ ನಕ್ಕೆವು. ಪಕ್ಕದ ಮೇಜಿನ ಅಧಿಕಾರಿಗಳು ತಿರುಗಿ ನೋಡುವಷ್ಟು ನಕ್ಕೆವು. ನನ್ನಕ್ಕನ ತೀರ್ಥಯಾತ್ರೆಯನ್ನು ಓದಿ ಪಕ್ಷದ ಪ್ರಧಾನ ಕಾರ್ಯದರ್ಶಿಗಳೇ ನಮ್ಮ ನಾಯಕರಿಗೆ ಅಭಿನಂದನೆ ಹೇಳಲು ಫೋನು ಮಾಡಿದ್ದರಂತೆ, ಸ್ನೇಹಿತರೇ ಹೇಳಿದರು. ನಿರ್ಧಾರ ತೆಗೆದುಕೊಳ್ಳಬೇಕಾದವರೇ, ಬೇರೆ ಯಾರೋ ನಿರ್ಧರಿಸಿರಬೇಕು ಎಂದುಕೊಂಡಿದ್ದರು. ಇದಕ್ಕಿಂತ ಚಂದದ ಸುದ್ದಿ ನನ್ನ ಇಡೀ ವೃತ್ತಿಯಲ್ಲಿ ಸಿಕ್ಕಿರಲಿಲ್ಲ.

ನಗುತ್ತಿರುವಾಗಲೇ ಕನ್ನಡಿಯೊಳಗಿನ ಆ ಹುಬ್ಬು ನೆನಪಾಯಿತು. ಹಾಗಾದರೆ ಅವರಿಗೂ ವರಿಷ್ಠರಿಂದ ಕರೆ ಬಂದಿರಲಿಲ್ಲ. ಅವರೂ ಪತ್ರಿಕೆಯಲ್ಲೇ ಓದಿದ್ದರು. ವರದಿಗಾರ್ತಿಯಾದ ನನಗೆ ಒಳಗಿನ ವಿಷಯ ತಿಳಿದಿದೆ, ಅದಕ್ಕೇ ತನ್ನ ಬಳಗಕ್ಕೆ ರೂಮು ಹಿಡಿಯುತ್ತಿದ್ದಾಳೆ, ಕರಾರಿಗೆ ಕಟ್ಟುಬಿದ್ದು ಬಾಯಿ ಬಿಡುತ್ತಿಲ್ಲ ಎಂದುಕೊಂಡಿದ್ದರು. ನಾನು ಅವರ ಮೌನವನ್ನು ನಂಬಿದ್ದೆ, ಅವರು ನನ್ನ ಮೌನವನ್ನು ನಂಬಿದ್ದರು. ನನ್ನ ನಗು ನಿಂತಿತು.

ಅತಿಥಿಗೃಹದ ಅಂಗಳದಲ್ಲಿ ನಿಂತು, ಇಷ್ಟು ವರ್ಷ ಮಾಡದಿದ್ದ ಕೆಲಸ ಮಾಡಿದೆ. ಅವರ ಪಕ್ಷದ ಒಳಗಿನವರೊಬ್ಬರಿಗೆ, ನನ್ನ ಹಳೆಯ ವರದಿಗಾರಿಕೆಯ ದಿನಗಳಿಂದ ಪರಿಚಯವಿದ್ದವರಿಗೆ, ವರದಿಗಾರ್ತಿಯಾಗಿ ಫೋನು ಮಾಡಿ ಪಟ್ಟಿಯಲ್ಲಿ ಇವರ ಹೆಸರಿದೆಯೇ ಎಂದು ಕೇಳಿದೆ. ಪಟ್ಟಿ ಎರಡು ದಿನದಲ್ಲಿ ಬರುತ್ತದೆ, ಅದರಲ್ಲಿ ಇಲ್ಲ ಎಂದರು. ಕೊನೆಯ ಸುತ್ತಿನಲ್ಲಿ ಬಿಟ್ಟುಹೋಯಿತೇ ಎಂದೆ. ಹೆಸರು ಚರ್ಚೆಗೇ ಬಂದಿರಲಿಲ್ಲ, ಪತ್ರಿಕೆಯಲ್ಲಿ ನೋಡಿ ನಮಗೇ ಆಶ್ಚರ್ಯವಾಯಿತು ಎಂದರು. ಇನ್ನೊಬ್ಬರನ್ನು ವಿಚಾರಿಸಿದೆ. ಅವರೂ ಅದನ್ನೇ ಹೇಳಿದರು.

ಮೆಟ್ರೊದಲ್ಲಿ ಮನೆಗೆ ಮರಳುವಾಗ ಸುಮ್ಮನಿದ್ದುಬಿಡುವ ಯೋಚನೆಯೂ ಬಂತು. ಎರಡು ದಿನ ತಡೆದರೆ ಪಟ್ಟಿಯೇ ಹೇಳುತ್ತದೆ, ನನಗೇಕೆ ಉಸಾಬರಿ? ಆದರೆ ಪಟ್ಟಿ ಬರುವ ಹೊತ್ತಿಗೆ ಮನೆ ತುಂಬ ಜನರಿರುತ್ತಾರೆ, ಇವರು ಹೊಸ ಹೊಲಿಗೆಯ ಕೋಟು ತೊಟ್ಟು ನಡುವೆ ಕುಳಿತಿರುತ್ತಾರೆ. ಹಾರ ಹಿಡಿದು ಬಂದವರು ಒಬ್ಬೊಬ್ಬರಾಗಿ ಫೋನು ನೋಡಿ, ಚಪ್ಪಲಿ ಹುಡುಕಿಕೊಂಡು ಮೆಟ್ಟಿಲಿಳಿಯುತ್ತಾರೆ. ಕರಾರು ಹಾಳಾಗಿಹೋಗಲಿ ಎಂದು ನಿರ್ಧರಿಸಿದೆ.

ನಾನು ಹೋದಾಗ ಬಂದವರೆಲ್ಲ ಹೋಗಿದ್ದರು. ದರ್ಜಿ ತಂದುಕೊಟ್ಟಿದ್ದ ಕೋಟು ತೊಟ್ಟು ಅವರು ಕನ್ನಡಿಯ ಮುಂದೆ ನಿಂತಿದ್ದರು. ಈ ಸಲ ಗುಂಡಿ ಬಿದ್ದಿತ್ತು. ನಾನು ಬಾಗಿಲಲ್ಲೇ ನಿಂತು, ಆ ರೂಮುಗಳು ಕಾಶಿಗೆ ಹೋಗುವವರಿಗೆ ಹಿಡಿದದ್ದು, ಪತ್ರಿಕೆಗೆ ಸುದ್ದಿ ಸಿಕ್ಕಿದ್ದು ಆ ರೂಮುಗಳಿಂದಲೇ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಮೊದಲು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮಂಚದ ಅಂಚಿನಲ್ಲಿ ಕುಳಿತು ಸ್ವಲ್ಪ ನಕ್ಕರು. ನಿಮ್ಮಕ್ಕ ಹೊರಟಿದ್ದಕ್ಕೆ ನಾನು ಕೋಟು ಹೊಲಿಸಿದೆನೇ ಎಂದರು. ನಾನೂ ನಕ್ಕೆ, ಆ ನಗು ಅಲ್ಲಿಗೇ ಮುಗಿದರೆ ಸಾಕು ಎಂದುಕೊಳ್ಳುತ್ತ. ಮುಗಿಯಲಿಲ್ಲ. ಅವರು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತ, ನನ್ನ ಮುಖ ನೋಡದೆ ಮಾತಾಡಿದರು.

"ನೀನು ವಿಚಾರಿಸಿದ್ದೀಯ. ನಿನ್ನ ಮುಖ ನೋಡಿದ್ರೇ ಗೊತ್ತಾಗತ್ತೆ. ಹೇಳು, ನನ್ನ ಹೆಸರು ಇದೆಯಾ?"

"ಇಲ್ಲ."

"ಚರ್ಚೆಗಾದ್ರೂ ಬಂದಿತ್ತಾ?"

ಇದಕ್ಕೆ ಬೇರೆ ಉತ್ತರ ಹೇಳಬಹುದಿತ್ತು. ಬಂದಿತ್ತು, ಕೊನೆಯ ಗಳಿಗೆಯಲ್ಲಿ ಬಿಟ್ಟುಹೋಯಿತು ಎಂದಿದ್ದರೆ ಅವರಿಗೆ ಅಷ್ಟರ ಮಟ್ಟಿಗೆ ಸಮಾಧಾನವಾಗುತ್ತಿತ್ತು, ನನಗೂ ಯಾವ ನಷ್ಟವಿರಲಿಲ್ಲ. ಹೆಂಡತಿಯಂಥವಳು ಅದನ್ನೇ ಹೇಳಬೇಕೆಂದು ನನ್ನ ಅಕ್ಕ ಇಂದಿಗೂ ವಾದಿಸುತ್ತಾಳೆ. ಆದರೆ ಅವರು ಕೇಳಿದ್ದು ವರದಿಗಾರ್ತಿಯನ್ನು, ಅದೂ ಮೊದಲ ಸಲ.

"ಇಲ್ಲ," ಎಂದೆ. "ಇಬ್ಬರನ್ನ ಕೇಳಿದೆ. ಇಬ್ಬರೂ ಅದನ್ನೇ ಹೇಳಿದ್ರು."

ಅವರು ಕೋಟು ಕಳಚಿದರು. ಕೋಟನ್ನು ಮಡಿಸಲು ಹೋಗಿ ತೋಳು ಒಳಗೆ ಬಾರದೆ ಒದ್ದಾಡಿದರು. ನಾನು ಕೈ ಹಾಕಲಿಲ್ಲ. ಕೈ ಹಾಕಿದರೆ ಇಬ್ಬರೂ ಅಳುತ್ತೇವೆ ಎಂದು ಗೊತ್ತಿತ್ತು.

"ಬಂಗಲೆ ಬಿಟ್ಟಾಗಿನಿಂದ ಕೇಳ್ತಾನೇ ಇದ್ದೀನಿ," ಎಂದರು ಕೊನೆಗೆ. "ದೊಡ್ಡವರನ್ನ, ಚಿಕ್ಕವರನ್ನ, ಅವರ ಡ್ರೈವರುಗಳನ್ನ ಸಹ. ಎಲ್ಲರೂ ದೇಖೇಂಗೆ, ನೋಡೋಣ ಅಂದ್ರು. ಇಲ್ಲ ಅಂತ ಒಬ್ಬರೂ ಹೇಳಲಿಲ್ಲ ನೋಡು."

ಆಮೇಲೆ ಹಸಿವಾಗಿದೆ ಎಂದರು. ಪುಕ್ಕಟೆ ಬಂದ ಕೊತ್ತಂಬರಿ ರಾಶಿ ಬಿದ್ದಿತ್ತು, ಚಿತ್ರಾನ್ನ ಮಾಡಿದೆ. ಎರಡು ಸಲ ಬಡಿಸಿಕೊಂಡರು.

ಬೆಳಿಗ್ಗೆ ನಾನು ಏಳುವ ಮೊದಲೇ ಅವರು ಕೆಳಗೆ ಇಳಿದಿದ್ದರು. ಬಾಲ್ಕನಿಯಿಂದ ಬಗ್ಗಿ ನೋಡಿದೆ. ಮನೆಯಲ್ಲಿ ತೊಡುವ ಹಳೆಯ ಪೈಜಾಮ, ಮೇಲೊಂದು ಸನ್ಮಾನದ ಶಾಲು, ಗೇಟಿನ ಹತ್ತಿರ ನಿಂತು ಬಂದ ಕಾರುಗಳನ್ನು ತಾವೇ ತಡೆದು ವಾಪಸು ಕಳಿಸುತ್ತಿದ್ದರು. ಹೆಚ್ಚಿನವರು ಮುಖ ಸಣ್ಣದು ಮಾಡಿಕೊಂಡು ಕಾರು ತಿರುಗಿಸಿದರು. ಒಬ್ಬನಂತೂ ಮಿಠಾಯಿ ಡಬ್ಬಿಯನ್ನು ಹೊರಗೆ ಚಾಚಿದ್ದವನು ಮಾತು ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತಲೇ ಮೆಲ್ಲಗೆ ಒಳಕ್ಕೆ ಎಳೆದುಕೊಂಡ. ಆದರೆ ಊರ ಕಡೆಯ ಒಬ್ಬ ಹಳೆಯ ಕಾರ್ಯಕರ್ತ ಮಾತ್ರ ಹಾರ ಹಿಡಿದು ಜಗ್ಗದೆ ನಿಂತ. ಸ್ಥಾನ ಗ್ಯಾರಂಟಿ, ತನಗೆ ತೀರಾ ಒಳಗಿನವರೇ ಹೇಳಿದ್ದಾರೆ, ಸಾರ್ ಸುಮ್ಮನೆ ಗುಟ್ಟು ಮಾಡುತ್ತಿದ್ದಾರೆ ಎಂದು ಪಟ್ಟು ಹಿಡಿದ. ಅವರು ಆತನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದು ಎರಡನೆಯ ಮಹಡಿಯವರೆಗೂ ಕೇಳಿಸಿತು.

"ನಮ್ಮ ಮನೇಲಿ ಒಬ್ಬರು ರಿಪೋರ್ಟರ್ ಇದ್ದಾರೆ ಕಣಯ್ಯಾ. ಅವರು ವಿಚಾರಿಸಿ, ಇಲ್ಲ ಅಂತ ಹೇಳಿದ್ದಾರೆ. ಅವರು ಇಲ್ಲ ಅಂದ್ರೆ ಇಲ್ಲ."

ಬಾಲ್ಕನಿಯ ಕಂಬಿ ಹಿಡಿದುಕೊಂಡು ನಾನು ಅತ್ತುಬಿಟ್ಟೆ. ನನ್ನ ಹೆಸರಿನಲ್ಲಿ ಎಷ್ಟೋ ವರದಿಗಳು ಅಚ್ಚಾಗಿವೆ. ಅವನ್ನು ಯಾರೂ ಇಷ್ಟು ನಂಬಿರಲಿಲ್ಲ, ನಂಬಿದ್ದಕ್ಕೆ ಇಷ್ಟು ಕಳೆದುಕೊಂಡವರೂ ಇರಲಿಲ್ಲ.